ಗುಲಾಬಿ ಬಣ್ಣದ ಹೀರೋ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ಬೇಜಾರು ಮಾಡಿಕೊಳ್ಳುವುದು ಬೇಡ. ಅಮೆರಿಕದ ಒಬ್ಬ ಕಪ್ಪು ಹೀರೋಗೆ ಅರಸೀಕೆರೆಯಲ್ಲಿ ಗುಲಾಬಿ ಬಣ್ಣ ಹೊಡೆಸಿದ ಮಹಾನುಭಾವ ನಾನೇ. ಬಣ್ಣ ಹೊಡೆದವರು ಪೇಂಟರ್ ಸಿದ್ದಣ್ಣ, ಹೂಂ ಅಂದವರು ಟಾಕೀಸಿನ ಯಜಮಾನರು ಪುಟ್ಟಸ್ವಾಮಣ್ಣ. ಆದರೆ ಐಡಿಯಾ ಮಾತ್ರ ನನ್ನದು. ನನ್ನ ಐಡಿಯಾವೊಂದನ್ನು ಯಾರಾದರೂ ಎರಡನೇ ಮಾತಿಲ್ಲದೆ ಒಪ್ಪಿದ್ದು ಜೀವನದಲ್ಲಿ ಅದೊಂದೇ ಸಲ. ಅದೂ ಎಂಥ ಐಡಿಯಾ ಅನ್ನುವುದನ್ನು ಮುಂದೆ ನೀವೇ ನೋಡುತ್ತೀರಿ.

ತೊಂಬತ್ತರ ದಶಕದ ಮಾತು ಇದು. ಡಿಗ್ರಿಯಲ್ಲಿ ಎಲ್ಲ ಪೇಪರೂ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಮಾತ್ರ ಮೂರನೇ ಸಲ ಡುಮ್ಕಿ ಹೊಡೆದು ಮನೆಯಲ್ಲಿದ್ದೆ. ನನಗೆ ಬರುತ್ತಿದ್ದ ವಿದ್ಯೆ ಮಿಮಿಕ್ರಿ ಒಂದೇ. ಜಂಕ್ಷನ್ನಿನ ರೈಲ್ವೆ ಅನೌನ್ಸ್‌ಮೆಂಟು, ಕೊಬ್ಬರಿ ಮಂಡಿಯಲ್ಲಿ ರೇಟು ಕೂಗುವ ದಲ್ಲಾಳಿ, ಪುಟ್ಟಸ್ವಾಮಣ್ಣನವರ ನಶ್ಯದ ಸೀನು (ಅದು ಮೂರು ಕಂತಿನಲ್ಲಿ ಬರುತ್ತದೆ, ಎರಡನೆಯ ಕಂತು ಮುಗಿದಾಗ ಎದುರಿಗಿದ್ದವರು ಮೋಸ ಹೋಗಿ ಮುಂದೆ ಬರುತ್ತಾರೆ), ನನ್ನ ಮಾರ್ಕ್ಸ್ ಕಾರ್ಡು ನೋಡಿ ನಮ್ಮಪ್ಪ ಬಿಡುವ ನಿಟ್ಟುಸಿರು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ತೊಂದರೆ ಏನೆಂದರೆ ದೇವರು ನನಗೆ ಹೀರೋನ ಧ್ವನಿ ಕೊಟ್ಟು, ಮುಖ ಮಾಡುವಾಗ ಒಲೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟಿದ್ದ. ಕಾಲೇಜು ನಾಟಕದಲ್ಲಿ ರಾಜಕುಮಾರನ ಪಾತ್ರ ಬೆಳ್ಳಗಿದ್ದ ಪ್ರಕಾಶನಿಗೆ ಹೋಯಿತು. ಅವನ ಧ್ವನಿ ಕೇಳಿದರೆ ರಾಜ್ಯ ಬಿಟ್ಟು ಪ್ರಜೆಗಳೇ ಓಡಿಹೋಗುವಂತಿತ್ತು. ಆದ್ದರಿಂದ ಅವನು ಮುಂದೆ ನಿಂತು ಬಾಯಿ ಆಡಿಸುವುದು, ನಾನು ಪರದೆಯ ಹಿಂದೆ ನಿಂತು ಮಾತಾಡುವುದು ಎಂದಾಯಿತು. ಚಪ್ಪಾಳೆ ಅವನಿಗೆ, ಗಂಟಲು ನೋವು ನನಗೆ. ಅಂದಿನಿಂದ ನಾನು ತಂಗಿಯ ಬೆಳ್ಳಗಾಗುವ ಕ್ರೀಮನ್ನು ಕದ್ದು ಹಚ್ಚಲು ಶುರುಮಾಡಿದೆ. ಟ್ಯೂಬು ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆ ಎಂದು ಅವಳು ಕೇಳಿದರೆ ಇಲಿ ತಿನ್ನುತ್ತಿರಬೇಕು ಎನ್ನುತ್ತಿದ್ದೆ. ಆ ಲೆಕ್ಕದಲ್ಲಿ ನಮ್ಮ ಮನೆಯ ಇಲಿಗಳೆಲ್ಲ ಹಾಲಿನಂತೆ ಬೆಳ್ಳಗಾಗಿರಬೇಕಿತ್ತು.

ಇಂಥ ನನಗೆ ಹಾರನಹಳ್ಳಿ ರಸ್ತೆಯ ತಗಡಿನ ಟಾಕೀಸಿನಲ್ಲಿ ಕೆಲಸ ಸಿಕ್ಕಿತು. ಕೆಲಸ ಎರಡು ಬಗೆಯದು. ಒಂದು, ಆಟೋದಲ್ಲಿ ಮೈಕು ಕಟ್ಟಿಕೊಂಡು ಊರು ಸುತ್ತಿ ಸಿನಿಮಾ ಸಾರುವುದು. ಇನ್ನೊಂದು, ಬೆಳಗಿನ ಆಟಕ್ಕೆ ಬರುವ ಇಂಗ್ಲಿಷ್ ಚಿತ್ರಗಳಿಗೆ ಪರದೆಯ ಪಕ್ಕ ನಿಂತು, ಅದೇ ಮೈಕಿನಲ್ಲಿ ಕತೆಯನ್ನು ಕನ್ನಡದಲ್ಲಿ ಹೇಳುವುದು. ಇಂಗ್ಲಿಷಿನಲ್ಲಿ ಮೂರು ಸಲ ಫೇಲಾದವನನ್ನು ಇಂಗ್ಲಿಷ್ ಸಿನಿಮಾ ವಿವರಿಸಲು ನಿಲ್ಲಿಸಿದ ಪುಟ್ಟಸ್ವಾಮಣ್ಣನವರ ಧೈರ್ಯವನ್ನು ನೀವು ಮೆಚ್ಚಲೇಬೇಕು. "ನಿಂಗೆ ಅರ್ಥ ಆಗ್ದಿದ್ರೂ ಪರ್ವಾಗಿಲ್ಲ ಕಣೋ, ಜನಕ್ಕೆ ಆಗ್ಬೇಕು" ಎಂದಿದ್ದರು. ನಾನು ಹಾಗೆಯೇ ನಡೆದುಕೊಂಡೆ. ಪರದೆಯ ಮೇಲೆ ಇಬ್ಬರು ಏನಾದರೂ ಮಾತಾಡಿಕೊಳ್ಳಲಿ, ನನ್ನ ಬಾಯಲ್ಲಿ ಅವರು ಅಣ್ಣತಮ್ಮಂದಿರಾಗಿ ಜಮೀನಿನ ಬದುವಿಗೆ ಜಗಳವಾಡುತ್ತಿದ್ದರು.

ಬೆಳಗಿನ ಆಟಕ್ಕೆ ಊರಿನಲ್ಲಿ ಎಂಥ ಹೆಸರಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡಿನಲ್ಲಿ ಚಿತ್ರದ ಹೆಸರಿಗಿಂತ "ವಯಸ್ಕರಿಗೆ ಮಾತ್ರ" ಎನ್ನುವುದು ದೊಡ್ಡದಾಗಿರುತ್ತಿತ್ತು. ಜನ ತಲೆಗೆ ಟವೆಲು ಹೊದ್ದು, ಹಲ್ಲುನೋವಿನವರಂತೆ ಮುಖ ಹಿಡಿದುಕೊಂಡು ಒಳಗೆ ಬರುತ್ತಿದ್ದರು. ಬೋರ್ಡು ಹೇಳಿದ್ದು ಒಳಗೆ ಎಂದೂ ಇರುತ್ತಿರಲಿಲ್ಲ. ಇದ್ದರೂ ಅಷ್ಟರಲ್ಲಿ ರೀಲು ತುಂಡಾಗಿರುತ್ತಿತ್ತು. ಮೋಸ ಹೋದೆವೆಂದು ಹೊರಗೆ ಬಂದು ಕೂಗೋಣವೆಂದರೆ, ಕೂಗಿದವನು ಒಳಗಿದ್ದನೆಂದು ಊರಿಗೇ ಗೊತ್ತಾಗುತ್ತದೆ. ಇಷ್ಟು ಭದ್ರವಾದ ವ್ಯಾಪಾರವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಒಂದು ಗುರುವಾರ ರೈಲಿನಲ್ಲಿ ಬಂದ ರೀಲಿನ ಪೆಟ್ಟಿಗೆಯಲ್ಲಿ ನಮಗೆ ಬೇಕಾದ ಚಿತ್ರದ ಬದಲು ಬೇರೊಂದು ಇತ್ತು. ಇಪ್ಪತ್ತು ವರ್ಷ ಹಳೆಯದು, ಅಮೆರಿಕದ್ದು. ಜೊತೆಗಿದ್ದ ಫೋಟೋಗಳಲ್ಲಿ ಆರೂಕಾಲು ಅಡಿಯ ಕಪ್ಪು ಮನುಷ್ಯನೊಬ್ಬ, ಕುಕ್ಕೆ ಕವುಚಿಟ್ಟಂಥ ಗುಂಗುರು ಕೂದಲು, ಮೊಣಕಾಲಿನವರೆಗೆ ಚರ್ಮದ ಕೋಟು, ಕೈಯಲ್ಲಿ ಪಿಸ್ತೂಲು ಹಿಡಿದು, ನೋಡುತ್ತಿರುವವರನ್ನೇ ಏನು ಸಮಾಚಾರ ಎಂದು ಕೇಳುವಂತೆ ನಿಂತಿದ್ದ. ಪಕ್ಕದಲ್ಲಿ ಅವನಷ್ಟೇ ಕಪ್ಪಗಿನ ಹೆಂಗಸು, ಅವಳ ಕಾಲು ಯಾರದೋ ಎದೆಯ ಮೇಲೆ. ಪೇಂಟರ್ ಸಿದ್ದಣ್ಣ ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಊಟಕ್ಕೂ ಏಳದೆ ಬೋರ್ಡು ಬರೆದರು. ಆ ಕಪ್ಪು ಮುಖಕ್ಕೆ ಅಲ್ಲಲ್ಲಿ ನೀಲಿಯ ಒಂದೊಂದು ಗೆರೆ ಎಳೆದಿದ್ದರು. ಈಗಷ್ಟೇ ಕೆರೆಯಿಂದ ಎದ್ದು ಬಂದ ಮನುಷ್ಯನಂತೆ ಹೊಳೆಯುತ್ತಿತ್ತು.

ಪುಟ್ಟಸ್ವಾಮಣ್ಣ ಬಂದು ನೋಡಿ, ನಶ್ಯದ ಚಿಟಿಕೆಯನ್ನು ಮೂಗಿನ ಹತ್ತಿರವೇ ನಿಲ್ಲಿಸಿಕೊಂಡು, "ಏನ್ ಸಿದ್ದಣ್ಣ, ಹೀರೋ ಹಾಕು ಅಂದ್ರೆ ವಿಲನ್‌ನ ಹಾಕಿದ್ದೀಯಲ್ಲ?" ಎಂದರು.

"ಇವ್ನೇ ಹೀರೋ ಕಣ್ರೀ."

ಆಗ ನಾನು ಸುಮ್ಮನಿರಬಹುದಾಗಿತ್ತು. ಸುಮ್ಮನಿದ್ದು ನನಗೆ ಅಭ್ಯಾಸವಿಲ್ಲ. "ಅಣ್ಣ, ಈ ಮುಖ ನೋಡಕ್ಕೆ ಯಾರ್ ಬತ್ತಾರೆ? ಈ ಮುಖ ನಮ್ಮನೆ ಕನ್ನಡೀಲೇ ಐತೆ, ಬಿಟ್ಟಿ ಪ್ರದರ್ಶನ. ಒಂದ್ ಕೋಟು ಗುಲಾಬಿ ಹೊಡ್ಸಿ" ಎಂದೆ. ಟಿಕೆಟ್ ಕೊಡುವವನಿಂದ ಹಿಡಿದು ಕಡಲೆಕಾಯಿ ಮಾರುವವನವರೆಗೆ ಎಲ್ಲರೂ ನಕ್ಕರು. ಪುಟ್ಟಸ್ವಾಮಣ್ಣ ಮೂರೂ ಕಂತಿನ ಸೀನು ಸೀನಿ, "ಹೊಡೀ ಸಿದ್ದಣ್ಣ" ಎಂದರು.

ಸಿದ್ದಣ್ಣ ನಗಲಿಲ್ಲ. ಗುಲಾಬಿ ಕಲಸಿದರು, ಹೊಡೆದರು, ಬ್ರಷ್ಷು ತೊಳೆದು ಚೀಲಕ್ಕೆ ಹಾಕಿಕೊಂಡರು. ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಸಿದ್ದಣ್ಣ ತಾವು ಬರೆದ ಯಾವುದಕ್ಕೂ ಮೂಲೆಯಲ್ಲಿ "ಗೌತಮ ಆರ್ಟ್ಸ್" ಎಂದು ಸಹಿ ಹಾಕದೆ ಬಿಟ್ಟವರಲ್ಲ. ಅವರ ತಂದೆಯ ಕಾಲದಲ್ಲೇ ಅವರದು ಬೌದ್ಧರ ಮನೆಯಾಗಿತ್ತು, ಆ ಹೆಸರಿನ ಮೇಲೆ ಅವರಿಗೆ ಅಷ್ಟು ಅಭಿಮಾನ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ "ಇಲ್ಲಿ ಮೂತ್ರ ಮಾಡಬಾರದು" ಎಂದು ಬರೆದು ಅದಕ್ಕೂ ಸಹಿ ಹಾಕಿದ್ದರು. ಈ ಬೋರ್ಡಿಗೆ ಹಾಕಲಿಲ್ಲ.

"ಹೆಸ್ರು ಮರ್ತ್ರಲ್ಲ ಸಿದ್ದಣ್ಣ?" ಎಂದೆ.

"ನಾನು ಬರ್ದಿದ್ದಕ್ಕೆ ನನ್ನೆಸ್ರು ಹಾಕ್ತೀನಿ. ಇದು ನೀನು ಬರ್ಸಿದ್ದು. ಬೇಕಾದ್ರೆ ನಿನ್ನೆಸ್ರು ಹಾಕ್ಕೊ" ಎಂದರು. ಆಮೇಲೆ ಯಜಮಾನರ ಕಡೆ ತಿರುಗಿ, "ಮುಂದಿನ ಬೋರ್ಡಿಗೆ ಬೇರೆ ಯಾರನ್ನಾದ್ರೂ ನೋಡ್ಕಳಿ" ಎಂದು ಸೈಕಲ್ಲು ಹತ್ತಿದರು. ಆಗ ಯಾರೂ ನಗಲಿಲ್ಲ. ಸಿದ್ದಣ್ಣನಿಲ್ಲದ ಟಾಕೀಸು ಎಂದರೆ ಬರೀ ತಗಡು, ಅದು ಎಲ್ಲರಿಗೂ ಗೊತ್ತಿತ್ತು. ಪುಟ್ಟಸ್ವಾಮಣ್ಣ ನನ್ನತ್ತ ನೋಡಿ, "ನೀನು ಓಡ್ಸಿದ್ದು, ನೀನೇ ಕರ್ಕೊಂಡ್ ಬಾ. ಬರ್ಲಿಲ್ಲ ಅಂದ್ರೆ ನೀನೂ ಬರ್ಬೇಡ" ಎಂದರು.

ಶುಕ್ರವಾರ ಮೊದಲ ಆಟ. ಗುಲಾಬಿ ಹೀರೋನನ್ನು ನೋಡಲು ಮಂಡಿಯ ಹಮಾಲಿಗಳೆಲ್ಲ ಬಂದಿದ್ದರು. ಅವರ ಮುಂದಾಳು, ಪಕ್ಕದ ಗಂಡಸಿ ಊರಿನ ಬೋರಣ್ಣ, ಎರಡು ಕೊಬ್ಬರಿ ಮೂಟೆಯನ್ನು ಒಟ್ಟಿಗೆ ಎತ್ತುವ ಮನುಷ್ಯ, ಮುಂದಿನ ಸಾಲಿನಲ್ಲಿ ಕುಳಿತಿದ್ದ. ಚಿತ್ರ ಶುರುವಾಯಿತು. ಗಿಟಾರು ಕುಯ್‌ಗುಟ್ಟಿತು, ಕಪ್ಪು ಮನುಷ್ಯ ಕೋಟು ಬೀಸುತ್ತ ಬೀದಿಯಲ್ಲಿ ನಡೆದ. ಬೋರ್ಡಿಗೂ ಇವನಿಗೂ ಹೊಂದಿಸುವುದು ಹೇಗೆಂದು ನನಗೆ ಹೊಳೆಯಲಿಲ್ಲ. "ಮಹಾಜನಗಳೇ, ಇವರು ಹೀರೋ ಅವರ ಆಪ್ತಮಿತ್ರರು. ಹೀರೋ ಅವರು ಸ್ವಲ್ಪ ಹೊತ್ತಿನಲ್ಲೇ ಆಗಮಿಸಲಿದ್ದಾರೆ" ಎಂದುಬಿಟ್ಟೆ. ಅರ್ಧ ಗಂಟೆಯಾಯಿತು. ಆಪ್ತಮಿತ್ರ ಮೂವರಿಗೆ ಹೊಡೆದ, ಒಂದು ಕಾರು ಹಾರಿಸಿದ, ಹಾಡಿಗೆ ತಲೆಯನ್ನೂ ತೂಗಿದ. ಹೀರೋ ಮಾತ್ರ ಬರಲಿಲ್ಲ.

"ಏನ್ಲಾ, ಎಲ್ಲಿ ನಿನ್ ಹೀರೋ?" ಎಂದು ಕೂಗು ಬಂತು.

"ಬತ್ತಾವ್ರೆ, ಬತ್ತಾವ್ರೆ. ಜಂಕ್ಷನ್‌ನಲ್ಲಿ ಗಾಡಿ ಬದಲಾಯಿಸ್ತಾವ್ರೆ" ಎಂದು, ಹಿಂದೆಯೇ ರೈಲ್ವೆ ಅನೌನ್ಸ್‌ಮೆಂಟನ್ನೂ ಮಾಡಿ ಕಾಲ ತಳ್ಳಿದೆ.

ಕೊನೆಗೆ ದೊಡ್ಡ ಕಾರಿನಿಂದ ಒಬ್ಬ ಬಿಳಿಯ ಇಳಿದ. ನಮ್ಮ ಬೋರ್ಡಿನಷ್ಟೇ ಗುಲಾಬಿ. ಟಾಕೀಸು ಎದ್ದು ನಿಂತಿತು. ಶಿಳ್ಳೆ, ಚೂರು ಕಾಗದ, ಟವೆಲುಗಳು ಗಾಳಿಯಲ್ಲಿ. ಅವನು ಸಿಗಾರು ಹಚ್ಚಿ, ಬೀದಿಯಲ್ಲಿ ಕೂತಿದ್ದ ಕಪ್ಪು ಮುದುಕಿಯ ತರಕಾರಿ ಬುಟ್ಟಿಯನ್ನು ಬೂಟಿನಿಂದ ಒದ್ದ. ಶಿಳ್ಳೆ ಅರ್ಧಕ್ಕೆ ನಿಂತಿತು. ಟೊಮ್ಯಾಟೊ ಉರುಳುವುದನ್ನು ಇನ್ನೂರು ಜನ ಉಸಿರು ಬಿಡದೆ ನೋಡಿದರು. "ಇದೇನ್ಲಾ, ನಮ್ಮೀರೋ ಹಿಂಗೆ?" ಎಂದು ಯಾರೋ ಅಳುವ ಧ್ವನಿಯಲ್ಲಿ ಕೇಳಿದರು. ಅಷ್ಟರಲ್ಲಿ ಆಪ್ತಮಿತ್ರ ಬಂದ. ಬಗ್ಗಿ ಒಂದೊಂದೇ ಟೊಮ್ಯಾಟೊ ಆರಿಸಿ ಬುಟ್ಟಿಗೆ ಹಾಕಿದ. ಆಮೇಲೆ ಎದ್ದು ನಿಂತು ಗುಲಾಬಿಯವನ ಕೆನ್ನೆಗೆ ಒಂದು ಬಿಟ್ಟ.

ಬೋರಣ್ಣ ಎದ್ದು ನನ್ನ ಕಡೆ ತಿರುಗಿದ. ಬೆಳಗಿನ ಆಟಕ್ಕೆ ಬಂದವನು ಟವೆಲು ತೆಗೆದು, ಮುಖ ಕಾಣುವಂತೆ ನಿಂತು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಲೋ ಮೈಕು, ನಿನ್ ಹೀರೋ ರೈಲಲ್ಲೇ ಇರ್ಲಿ ಬುಡ್ಲಾ. ನಮ್ಗೆ ಇವ್ನೇ ಸಾಕು!"

ನಾನು ಮೈಕಿನಲ್ಲಿ ಗಂಟಲು ಸರಿಮಾಡಿಕೊಂಡೆ. "ಮಹಾಜನಗಳೇ, ಒಂದು ತಪ್ಪಾಗಿದೆ. ಇವರೇ ಹೀರೋ." ಆಗ ಎದ್ದ ಗದ್ದಲಕ್ಕೆ ತಗಡು ಅದುರಿತು. ಉಳಿದ ಆಟವಿಡೀ ನಾನು ಅವನಿಗೆ ಮಾತು ಕೊಟ್ಟೆ. ಗಂಡಸಿಯ ಭಾಷೆ, ನನ್ನ ಧ್ವನಿ. ಪರದೆಯ ಹಿಂದಲ್ಲ, ಪಕ್ಕದಲ್ಲಿ ನಿಂತು. ನನ್ನ ಧ್ವನಿ ನನ್ನಂಥದೇ ಮುಖದಿಂದ ಹೊರಬರುತ್ತಿದ್ದದ್ದು ಅದೇ ಮೊದಲು. ನನಗೇನಾಯಿತೋ ಗೊತ್ತಿಲ್ಲ, ಅವತ್ತು ಮನೆಗೆ ಹೋಗಿ ಕ್ರೀಮು ಹಚ್ಚಲಿಲ್ಲ. ಮಾರನೆಯ ದಿನ ಹಚ್ಚಿದೆ, ಸುಳ್ಳು ಯಾಕೆ ಹೇಳಲಿ.

ಆ ಶುಕ್ರವಾರ ಮಧ್ಯಾಹ್ನವೇ ಸಿದ್ದಣ್ಣನವರ ಮನೆಗೆ ಹೋದೆ. ಜಗಲಿಯ ಮೇಲೆ ಯಾವುದೋ ಸ್ಕೂಲಿಗೆ ಭಾರತದ ನಕ್ಷೆ ಬರೆಯುತ್ತಿದ್ದವರು ತಲೆ ಎತ್ತಲಿಲ್ಲ. ನಾನು ಕಾಶ್ಮೀರದಿಂದ ಕ್ಷಮೆ ಕೇಳಲು ಶುರುಮಾಡಿ ಕನ್ಯಾಕುಮಾರಿಗೆ ಬಂದರೂ ಅವರು ಬ್ರಷ್ಷು ಇಳಿಸಲಿಲ್ಲ. ಒಳಗಿನಿಂದ ಅವರ ಮಗಳು ಸುಜಾತಾ ಮೇಡಂ ಕಾಫಿ ತಂದರು. ಗಂಡಸಿ ಹೈಸ್ಕೂಲಿನಲ್ಲಿ ಅವರು ಕಲಿಸುತ್ತಿದ್ದದ್ದು ಇಂಗ್ಲಿಷ್. ನಾನು ಮೂರು ಸಲ ಮುಳುಗಿದ ಅದೇ ಸಬ್ಜೆಕ್ಟು.

"ಆ ಸಿನಿಮಾದಲ್ಲಿ ಏನು ಮಾತಾಡ್ತಾರೆ ಅಂತ ನಿನಗೆ ಗೊತ್ತಾ?" ಎಂದರು.

"ಅಂದಾಜು ಗೊತ್ತು ಮೇಡಂ."

"ನಿನ್ನ ಅಂದಾಜಿಗೆ ಯೂನಿವರ್ಸಿಟಿಯವರು ಮೂರು ಸಲ ಬೆಲೆ ಕಟ್ಟಿದ್ದಾರಲ್ಲ." ಸಿದ್ದಣ್ಣನವರ ಬ್ರಷ್ಷು ಬಂಗಾಳದ ಹತ್ತಿರ ಸ್ವಲ್ಪ ಅಲುಗಿತು. ನಕ್ಕಿರಬೇಕು.

ಮೈಸೂರಿನಲ್ಲಿ ಎಂ.ಎ. ಓದುವಾಗ ಲೈಬ್ರರಿಯ ಪುಸ್ತಕದಲ್ಲಿ ಈ ಚಿತ್ರಗಳ ವಿಷಯ ಓದಿದ್ದನ್ನು ಮೇಡಂ ಹೇಳಿದರು. "ಅಲ್ಲಿನ ಸಿನಿಮಾಗಳಲ್ಲಿ ಎಷ್ಟೋ ವರ್ಷ ಕಪ್ಪು ಜನ ಅಂದ್ರೆ ಅಡುಗೆಯವರು, ಬಾಗಿಲು ಕಾಯೋರು, ಇಲ್ಲಾ ಕಳ್ಳರು. ಎಪ್ಪತ್ತರ ಸುಮಾರಿಗೆ ಇಂಥವು ಸಾಲಾಗಿ ಬಂದವು. ಹೀರೋನೂ ಕಪ್ಪು, ಹೀರೋಯಿನ್ನೂ ಕಪ್ಪು, ಒದೆ ತಿನ್ನೋನು ಬಿಳಿಯ."

"ಒಳ್ಳೇದೇ ಆಯ್ತಲ್ಲ ಮೇಡಂ?"

"ಅಷ್ಟು ಸುಲಭ ಇಲ್ಲ. ಬಂಡವಾಳ ಹಾಕಿ ಲಾಭ ಮಾಡಿಕೊಂಡೋರು ಹೆಚ್ಚಾಗಿ ಬಿಳಿಯರೇ. ಕಪ್ಪು ಜನ ಅಂದ್ರೆ ಬರೀ ಬಂದೂಕು, ಮಾದಕವಸ್ತು, ರೌಡಿತನ ಅಂತ ತೋರಿಸ್ತೀರಲ್ಲ, ನಮ್ಮ ಹೆಸರಲ್ಲಿ ವ್ಯಾಪಾರ ಮಾಡ್ತೀರಾ ಅಂತ ಅವರ ಜನಾನೇ ಜಗಳಕ್ಕೆ ನಿಂತ್ರು. ಕೆಲವೇ ವರ್ಷಕ್ಕೆ ಎಲ್ಲಾ ನಿಂತೂ ಹೋಯ್ತು. ಆದ್ರೆ ಅಷ್ಟರಲ್ಲಿ ಹುಡುಗರು ನೋಡಿಬಿಟ್ಟಿದ್ರಲ್ಲ, ತಮ್ಮಂಥ ಮುಖಾನ ಅಷ್ಟು ದೊಡ್ಡದಾಗಿ ಪರದೆ ಮೇಲೆ? ಅದನ್ನ ಯಾರು ವಾಪಸ್ ತಗೊಳ್ಳೋಕಾಗುತ್ತೆ?"

ವ್ಯಾಪಾರ ಎಂದ ಕೂಡಲೇ ನನಗೆ ನಮ್ಮ ಬೆಳಗಿನ ಆಟ ನೆನಪಾಯಿತು. ಮುಖ ಎಂದ ಕೂಡಲೇ ಬೋರಣ್ಣ. ಎರಡೂ ಒಂದೇ ತಗಡಿನ ಕೆಳಗೆ ಇದ್ದದ್ದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾನು ಬೆಳಿಗ್ಗೆ ನಡೆದದ್ದನ್ನೆಲ್ಲ ಹೇಳಿದೆ, ಬೋರಣ್ಣನ ಧ್ವನಿಯನ್ನೂ ಮಾಡಿ ತೋರಿಸಿದೆ. ಸಿದ್ದಣ್ಣ ಆಗ ತಲೆ ಎತ್ತಿ, "ಟವಲ್ ತೆಗ್ದು ನಿಂತ್ಕಂಡ್ನಾ?" ಎಂದಷ್ಟೇ ಕೇಳಿದರು. ಮೇಡಂ, "ಭಾನುವಾರ ನಾವಿಬ್ಬರೂ ಬರ್ತೀವಿ" ಎಂದರು.

ಭಾನುವಾರ ಬಂದೇಬಿಟ್ಟರು. ಬೆಳಗಿನ ಆಟಕ್ಕೆ ಬಂದ ಮೊದಲ ಹೆಂಗಸು! ಬಾಗಿಲಲ್ಲಿ ಸೀರೆಯ ನೆರಿಗೆ ಕಂಡದ್ದೇ ತಡ, ಹಿಂದಿನ ಸಾಲಿನಲ್ಲಿದ್ದ ಅವರದೇ ಸ್ಕೂಲಿನ ಡ್ರಿಲ್ ಮೇಷ್ಟ್ರು ಟವೆಲನ್ನು ಕತ್ತಿನವರೆಗೆ ಎಳೆದುಕೊಂಡು ಪೂರ್ತಿ ಮೂಟೆಯಾದರು. "ನಮಸ್ಕಾರ ಸಾರ್" ಎಂದು ಆ ಮೂಟೆಗೆ ಹೇಳಿ ಮೇಡಂ ಮುಂದಿನ ಸಾಲಿಗೆ ಹೋದರು. ಇಂಗ್ಲಿಷ್ ಗೊತ್ತಿರುವ ಒಬ್ಬರು ಎದುರಿಗೆ ಕೂತಿರುವಾಗ ಸುಳ್ಳು ಅನುವಾದ ಮಾಡುವುದು ಎಷ್ಟು ಕಷ್ಟವೆಂದು ಅನುಭವಿಸಿದವನಿಗೇ ಗೊತ್ತು. ಬೆವರಿನಲ್ಲಿ ಮೈಕು ಜಾರುತ್ತಿತ್ತು. ಕೊನೆಯ ದೃಶ್ಯದಲ್ಲಿ ಹೀರೋ ದೊಡ್ಡ ಹೋಟೆಲಿನ ಮುಂದೆ ನಿಂತು ಕಾವಲಿನವನಿಗೆ ಏನೋ ಹೇಳುತ್ತಾನೆ. ಅಲ್ಲಿಗೆ ನಾನು ತಾಯಿ, ನಾಡು, ನ್ಯಾಯ, ಕಳೆದುಹೋದ ರೇಷನ್ ಕಾರ್ಡು ಎಲ್ಲ ಸೇರಿಸಿ ಭಾರಿ ಭಾಷಣ ಇಟ್ಟುಕೊಂಡಿದ್ದೆ. ಹೀರೋ ಬಾಯಿ ಮುಚ್ಚಿ, ಒಳಗೆ ಹೋಗಿ, ಚಿತ್ರ ಮುಗಿದು, ದೀಪ ಹತ್ತಿದ ಮೇಲೂ ನನ್ನ ಭಾಷಣ ನಡೆದಿತ್ತು.

ಹೊರಗೆ ಬಂದ ಮೇಡಂ, "ನೀನು ಹೇಳಿದ್ದು ಒಂದೂ ಅಲ್ಲಿರಲಿಲ್ಲ. ಶುರುವಿನಲ್ಲಿ ಅವನನ್ನ ಅದೇ ಹೋಟೆಲಿಗೆ ಹಿಂದಿನ ಬಾಗಿಲಿಂದ ಬಾ ಅಂದಿದ್ರು. ಕೊನೆಗೆ ಬಂದು ಅವನು ಹೇಳೋದು ನಮ್ಮ ಕನ್ನಡದಲ್ಲಿ ಎರಡೇ ಪದ. 'ಮುಂಬಾಗಿಲು ತೆಗಿ.' ಅಷ್ಟೇ" ಎಂದರು.

ಸಿದ್ದಣ್ಣ ಸೈಕಲ್ಲಿನ ಬೀಗ ತೆಗೆಯುತ್ತ, ಯಾರಿಗೂ ಅಲ್ಲದಂತೆ ಹೇಳಿದರು: "ನಮ್ಮಪ್ಪ ಹೋಟ್ಲಲ್ಲಿ ಹಿತ್ಲಾಗ್ ನಿಂತ್ಕಂಡೇ ಕಾಫಿ ಕುಡಿದ. ಈ ಎರಡು ಮಾತು ಅವ್ನಿಗೂ ಗೊತ್ತಿದ್ವು. ಹೇಳಕ್ ಆಗ್ನಿಲ್ಲ."

ಸೋಮವಾರ ಟಾಕೀಸಿಗೆ ಬಂದರೆ ಬೋರ್ಡಿಗೆ ಏಣಿ ಒರಗಿತ್ತು. ಮೇಲೆ ಸಿದ್ದಣ್ಣ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗುಲಾಬಿ ಒರೆಸುತ್ತಿದ್ದರು. ಕೆಳಗಿನ ಕಪ್ಪು ಮುಖ ಸ್ವಲ್ಪಸ್ವಲ್ಪವೇ ಕಾಣುತ್ತಿತ್ತು, ಮೊದಲು ಹಣೆ, ಆಮೇಲೆ ಕಣ್ಣು. ಪುಟ್ಟಸ್ವಾಮಣ್ಣ ಬುಡದಲ್ಲಿ ನಿಂತು, "ನಾನು ಮೊದ್ಲೇ ಹೇಳಿದ್ದೆ, ಕಪ್ಪೇ ಚಂದ ಅಂತ" ಎನ್ನುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಿದ್ದಣ್ಣ ಮೇಲಿನಿಂದ, "ನೋಡ್ತಾ ನಿಂತ್ಕಬ್ಯಾಡ, ಏಣಿ ಹಿಡ್ಕೊ" ಎಂದರು. ಹಿಡಿದೆ. ಸಹಿ ಹಾಕುವಾಗ ಅವರು ಎಂದಿಗಿಂತ ದೊಡ್ಡ ಬ್ರಷ್ಷು ಕೇಳಿದರು. ಆ ದಿನದ ಆಟದಲ್ಲಿ ನಾನು ಕೊನೆಯ ದೃಶ್ಯಕ್ಕೆ ಎರಡೇ ಪದ ಹೇಳಿ ಮೈಕು ಆರಿಸಿದೆ. ಟಾಕೀಸಿನಲ್ಲಿ ತಗಡು ಹಾರಿಹೋಗುವಂಥ ಚಪ್ಪಾಳೆ. ನನ್ನ ಭಾಷಣಗಳಿಗೆ ಯಾವತ್ತೂ ಬೀಳದ್ದು.

ಚಿತ್ರ ಎರಡನೇ ವಾರವೂ ಓಡಿತು, ನಮ್ಮ ಬೆಳಗಿನ ಆಟದಲ್ಲಿ ಅದೊಂದು ಪವಾಡ. ಊರಿನಲ್ಲಿ ಗುಂಗುರು ಕೂದಲಿನ ಹುಡುಗರು ಕೊಬ್ಬರಿ ಎಣ್ಣೆ ಬಿಟ್ಟು ಕುಕ್ಕೆಯಂತೆ ಕೂದಲು ಬೆಳೆಸಿದರು. ತೆಂಗಿನ ಸೀಮೆಯಲ್ಲಿ ಹುಟ್ಟಿ ತಲೆಗೆ ಎಣ್ಣೆ ಬೇಡವೆಂದರೆ ತಾಯಂದಿರು ಸುಮ್ಮನಿರುತ್ತಾರೆಯೇ? ಮನೆಮನೆಯಲ್ಲೂ ಕದನ. ಬೋರಣ್ಣ ಬೇಸಿಗೆಯಲ್ಲೂ ಮಳೆಕೋಟು ಹಾಕಿಕೊಂಡು ಮೂಟೆ ಎತ್ತಿದ. ಮುಂದಿನ ಭಾನುವಾರ ಸುಜಾತಾ ಮೇಡಂ ಜೊತೆ ಇನ್ನೂ ಮೂವರು ಟೀಚರುಗಳು ಬಂದರು. ಆ ಒದೆಯುವ ಹೆಂಗಸಿನ ದೃಶ್ಯಕ್ಕೆ ಶಿಳ್ಳೆ ಬಂದದ್ದು ಯಾವ ಸಾಲಿನಿಂದ ಎಂದು ನಾನು ಹೇಳುವುದಿಲ್ಲ. ಡ್ರಿಲ್ ಮೇಷ್ಟ್ರೂ ಟವೆಲಿಲ್ಲದೆ ಬಂದಿದ್ದರು. ನನಗೆ ಮೇಡಂ ಇಂಗ್ಲಿಷ್ ಪಾಠ ಹೇಳಿ, ನಾಲ್ಕನೆಯ ಸಲಕ್ಕೆ ದಡ ಹತ್ತಿಸಿದರು. ನಾನಂತೂ ಸಿಕ್ಕಿದವರಿಗೆಲ್ಲ ಬಣ್ಣದಲ್ಲಿ ಏನಿದೆ, ಕಪ್ಪು ಮುಖದ ಗತ್ತೇ ಬೇರೆ ಎಂದು ಉಪದೇಶ ಮಾಡುತ್ತ ತಿರುಗಿದೆ. ಊರಿನ ಅರ್ಧ ಜನರಿಗೆ ಆ ಭಾಷಣ ಬಾಯಿಪಾಠವಾಗಿತ್ತು.

ಹೀಗಿರುವಾಗ ಬೇಲೂರಿನ ಒಂದು ಆರ್ಕೆಸ್ಟ್ರಾದವರು ನನ್ನನ್ನು ಕರೆದರು. ಪರದೆಯ ಹಿಂದಲ್ಲ, ಪಕ್ಕದಲ್ಲೂ ಅಲ್ಲ, ವೇದಿಕೆಯ ನಡುವೆ ಎರಡು ಗಂಟೆಯ ಮಿಮಿಕ್ರಿ. ಅಲ್ಲಿನ ಬಸ್‌ಸ್ಟ್ಯಾಂಡಿನ ಎದುರು ನನ್ನ ಮುಖದ ಆಳೆತ್ತರದ ಬೋರ್ಡು ನಿಲ್ಲಿಸುತ್ತಾರಂತೆ. ಬರೆಯುವವರು ಬೇರೆ ಯಾರು, ಸಿದ್ದಣ್ಣನೇ. ಸ್ಟುಡಿಯೋದಲ್ಲಿ ಮುಖಕ್ಕೆ ಅರ್ಧ ಡಬ್ಬಿ ಪೌಡರು ಬಳಿದು ತೆಗೆಸಿದ ಫೋಟೋ ಹಿಡಿದು ಅವರ ಜಗಲಿಗೆ ಹೋದೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಕಪ್ಪು ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಮೇಡಂ ಇಲ್ಲದ್ದನ್ನು ಖಚಿತ ಮಾಡಿಕೊಂಡು, ಧ್ವನಿ ತಗ್ಗಿಸಿ, "ಸಿದ್ದಣ್ಣ, ಊರಾಚೆ ಪ್ರೋಗ್ರಾಮು... ಮೊದಲ್ನೇ ಸಲ ನೋಡೋ ಜನ... ಒಂಚೂರು ಬೆಳ್ಳಗ್ ಬರ್ಲಿ" ಎಂದೆ.

ಸಿದ್ದಣ್ಣ ಬ್ರಷ್ಷನ್ನು ಕಪ್ಪಿನಲ್ಲಿ ಅದ್ದಿ, ನಿಧಾನವಾಗಿ ಡಬ್ಬಿಯ ಅಂಚಿಗೆ ಒರೆಸಿ ಹೇಳಿದರು:

"ಬೇಲೂರಿನ ಜನ ಎಂಟೊಂಬೈನೂರು ವರ್ಷದಿಂದ ಗುಡೀಲಿ ಕರೀ ಮುಖಕ್ಕೇ ಕೈ ಮುಗೀತಾ ಅವ್ರೆ. ನಿನ್ ಮುಖಾನ ಎರಡು ಗಂಟೆ ತಡ್ಕಂತಾರೆ, ಸುಮ್ಕೆ ನೆಟ್ಟಗೆ ಕೂತ್ಕೊ."